ಕಾರ್ಮಿಕರ ಮಕ್ಕಳ ಸ್ಕಾಲರ್‌ಶಿಪ್: ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯೂನಿಯನ್ ಏನು ಮಾಡಬಹುದು?

ಗೇಟ್‌ಮೀಟಿಂಗ್
ವಾಹನ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಯೂನಿಯನ್ ಪರವಾಗಿ ಕೇಳುತ್ತಿದ್ದೇನೆ. ಕಾಯಂ ನೌಕರರು 300 ಜನ, ಗುತ್ತಿಗೆಯವರು 200 ಜನ. ಸದಸ್ಯರ ಮಕ್ಕಳ ಸ್ಕಾಲರ್‌ಶಿಪ್ ಕೆಲಸವನ್ನು ಈ ವರ್ಷ ಯೂನಿಯನ್ನೇ ಕೈಗೆತ್ತಿಕೊಳ್ಳಬೇಕು ಎಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಗಿದೆ. ಮೂರು ಪ್ರಶ್ನೆಗಳಿವೆ. ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಪ್ರೋತ್ಸಾಹ ಧನಕ್ಕೆ ಹಾಕಿದ ಅರ್ಜಿಗಳು ಯಾಕೆ ಬಿದ್ದುಹೋಗುತ್ತವೆ? ಗುತ್ತಿಗೆ ಕಾರ್ಮಿಕರ ಮಕ್ಕಳಿಗೂ ಸಿಗುತ್ತದೆಯೇ? ಚಂದಾ ಹಣದಲ್ಲಿ ಯೂನಿಯನ್ ತನ್ನದೇ ಸ್ಕಾಲರ್‌ಶಿಪ್ ಕೊಡುವುದಕ್ಕೆ ಕಾನೂನಿನ ಅಡ್ಡಿ ಉಂಟೆ? ಗೊತ್ತಿದ್ದವರು ಲೆಕ್ಕ ಸಮೇತ ಬರೆಯಿರಿ. "ಅಪ್ಲೈ ಮಾಡಿ, ಬರುತ್ತೆ" ಎಂಬ ಉತ್ತರ ಈಗಾಗಲೇ ಬೇಕಾದಷ್ಟು ಸಿಕ್ಕಿದೆ.

ಲೆಡ್ಜರ್ ಪುಟ 12
ಮೊದಲನೆಯದಕ್ಕೆ ಉತ್ತರ ಅರ್ಜಿಯಲ್ಲಿಲ್ಲ, ಡಿಸೆಂಬರ್ ತಿಂಗಳ ಸಂಬಳದ ಚೀಟಿಯಲ್ಲಿದೆ.

ಇದು ಸರ್ಕಾರದ ಬಜೆಟ್‌ನಿಂದ ಬರುವ ದಾನ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇದು ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ 1965ರ ಅಡಿ ಕಾರ್ಮಿಕ, ಮಾಲೀಕ ಮತ್ತು ಸರ್ಕಾರ ಮೂವರೂ ವರ್ಷಕ್ಕೊಮ್ಮೆ ಕಟ್ಟುವ ವಂತಿಗೆಯ ಹಣ. ಮೊದಲು ಕಾರ್ಮಿಕನದು 20, ಮಾಲೀಕನದು 40, ಸರ್ಕಾರದ್ದು 20 ರೂಪಾಯಿ ಇತ್ತು. 2025ರ ತಿದ್ದುಪಡಿಯಲ್ಲಿ ಅದು 50, 100, 50 ಆಯಿತು. ಡಿಸೆಂಬರ್ ಸಂಬಳದಲ್ಲಿ ಕಾರ್ಮಿಕನ ಪಾಲನ್ನು ಮುರಿದುಕೊಂಡು, ತನ್ನ ಪಾಲನ್ನೂ ಸೇರಿಸಿ ಮಾಲೀಕ ಜನವರಿ 15ರೊಳಗೆ ಮಂಡಳಿಗೆ ಕಟ್ಟಬೇಕು. ನಿಮ್ಮ 300 ಜನರ ಲೆಕ್ಕಕ್ಕೆ ತಲಾ 150ರಂತೆ 45,000 ರೂಪಾಯಿ ಕಂಪನಿಯಿಂದ ಹೋಗಬೇಕು. ಹೋಗಿದೆಯೇ? ಎಷ್ಟು ಜನರ ಹೆಸರಲ್ಲಿ? ಇದು ಗೊತ್ತಿಲ್ಲದೆ ಮಕ್ಕಳ ಕೈಯಲ್ಲಿ ಅರ್ಜಿ ಹಾಕಿಸುವುದು ಟಿಕೆಟ್ ತೆಗೆಯದೆ ಬಸ್ಸಿನಲ್ಲಿ ಕೂತ ಹಾಗೆ. ಚೆಕಿಂಗ್‌ನವರು ಬರುವ ತನಕ ಎಲ್ಲ ಸರಿಯಾಗಿಯೇ ಇರುತ್ತದೆ.

ಇತ್ತೀಚಿನ ಪ್ರಕಟಣೆಗಳ ದರ: ಪ್ರೌಢಶಾಲೆ (8ರಿಂದ 10) 6,000, ಪಿಯುಸಿ, ಐಟಿಐ, ಡಿಪ್ಲೊಮಾ 8,000, ಪದವಿ 10,000, ಸ್ನಾತಕೋತ್ತರ 12,000, ಎಂಜಿನಿಯರಿಂಗ್ ಮತ್ತು ವೈದ್ಯಕೀಯ 20,000. ಕಾರ್ಮಿಕನ ತಿಂಗಳ ವೇತನ 35,000 ಮೀರಬಾರದು. ಒಂದು ಕುಟುಂಬದಲ್ಲಿ ಒಂದೇ ಮಗುವಿಗೆ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 45 ಅಂಕ ಬೇಕು. ಪ್ರತಿ ವರ್ಷದ ಪ್ರಕಟಣೆ ಬಂದ ಕೂಡಲೇ ಈ ಅಂಕಿಗಳನ್ನು ಮತ್ತೊಮ್ಮೆ ತಾಳೆ ನೋಡಿ. ಹೋದ ವರ್ಷದ ವಾಟ್ಸಾಪ್ ಚಿತ್ರವನ್ನೇ ಈ ವರ್ಷವೂ ಫಾರ್ವರ್ಡ್ ಮಾಡುವವರು ಎಲ್ಲ ಗುಂಪಿನಲ್ಲೂ ಇದ್ದೇ ಇರುತ್ತಾರೆ.

ಗೇಟ್‌ಮೀಟಿಂಗ್
ಒಂದೇ ಮಗು ಎಂದರೆ, ತಂದೆ ತಾಯಿ ಬೇರೆ ಬೇರೆ ಕಾರ್ಖಾನೆಯಲ್ಲಿದ್ದು ಇಬ್ಬರೂ ವಂತಿಗೆ ಕಟ್ಟಿದರೂ?

ಲೆಡ್ಜರ್ ಪುಟ 12
ಕುಟುಂಬಕ್ಕೆ ಒಂದು ಸಾರ್. ಅಪ್ಪನ ಕಡೆಯಿಂದ ಅಣ್ಣ, ಅಮ್ಮನ ಕಡೆಯಿಂದ ತಂಗಿ ಅಂತ ಹಾಕಿದರೆ ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಸಿಕ್ಕಿಬೀಳುತ್ತದೆ, ಎರಡೂ ಅರ್ಜಿ ಹೋಗುವ ಅಪಾಯವಿದೆ. ಮನೆಯಲ್ಲಿ ಒಬ್ಬ ಎಸ್ಸೆಸ್ಸೆಲ್ಸಿ, ಇನ್ನೊಬ್ಬಳು ಬಿಇ ಇದ್ದರೆ 6,000ಕ್ಕಿಂತ 20,000 ದೊಡ್ಡದು ಎಂಬುದನ್ನು ಅರ್ಜಿ ಹಾಕುವ ಮೊದಲೇ ಹೇಳಿಕೊಡಿ. ಚಿಕ್ಕವನ ಅರ್ಜಿ ಮೊದಲು ಹಾಕಿ, ಆಮೇಲೆ ಬದಲಿಸಲು ಪರದಾಡುವವರು ಪ್ರತಿ ವರ್ಷ ಇರುತ್ತಾರೆ.

ಸ್ಕಾಲರ್‌ಶಿಪ್ ಕೌಂಟರ್
ಕಾಲೇಜು ಕಡೆಯಿಂದ ನಾನು ಸೇರಿಸುತ್ತೇನೆ. ಮಗು ಮಂಡಳಿಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ ಮೇಲೆ ಎರಡು ಕಡೆ ದೃಢೀಕರಣ ಬೇಕು: ಓದುತ್ತಿರುವ ಶಾಲೆ ಅಥವಾ ಕಾಲೇಜು, ಕೆಲಸದ ಕಾರ್ಖಾನೆ ಅಥವಾ ಸಂಸ್ಥೆ. ಇವೆರಡೂ ಆದ ಮೇಲೇ ಮಂಡಳಿಯ ಪರಿಶೀಲನೆ. "ಸಬ್ಮಿಟ್ ಆಗಿದೆ" ಎಂಬ ಪ್ರಿಂಟ್ ತೆಗೆದುಕೊಂಡು ಫೈಲಿನಲ್ಲಿಟ್ಟು ಮರೆತರೆ ಅರ್ಜಿ ಆ ಎರಡು ಲಾಗಿನ್‌ಗಳಲ್ಲಿ ಯಾವುದೋ ಒಂದರಲ್ಲಿ ಕೊನೆಯ ದಿನದವರೆಗೂ ನಿದ್ದೆ ಮಾಡುತ್ತಿರುತ್ತದೆ. ಬಿದ್ದುಹೋದ ಅರ್ಜಿಗಳಲ್ಲಿ ಇಂಥವಕ್ಕೆ ಯಾರೂ ತಿರಸ್ಕಾರ ಎಂಬ ಮುದ್ರೆ ಒತ್ತಿರುವುದಿಲ್ಲ. ಸುಮ್ಮನೆ ಅವಧಿ ಮುಗಿದಿರುತ್ತದೆ.

ಅಂಕದ ಲೆಕ್ಕದಲ್ಲಿ ತಪ್ಪುವ ಜಾಗಗಳು ಹೇಳುತ್ತೇನೆ. ಎಸ್ಸೆಸ್ಸೆಲ್ಸಿ 625ಕ್ಕೆ ಶೇ 50 ಎಂದರೆ 312.5, ಅಂದರೆ 313 ಇರಬೇಕು. ಶೇ 45 ಎಂದರೆ 282. ದ್ವಿತೀಯ ಪಿಯುಸಿ 600ಕ್ಕೆ 300 ಮತ್ತು 270. ಸೆಮಿಸ್ಟರ್ ಇರುವ ಕೋರ್ಸಿಗೆ ಹಿಂದಿನ ವರ್ಷದ ಎರಡೂ ಸೆಮಿಸ್ಟರ್ ಅಂಕಪಟ್ಟಿ ಸೇರಿಸಿ ಅಪ್‌ಲೋಡ್ ಮಾಡಿ. ಒಳ್ಳೆಯ ಅಂಕ ಬಂದ ಒಂದನ್ನೇ ಹಾಕುವ ಜಾಣತನ ಬೇಡ. ಅಂಕದ ಬದಲು ಸಿಜಿಪಿಎ (ಸರಾಸರಿ ಗ್ರೇಡ್) ಇದ್ದರೆ ನೀವೇ 10ರಿಂದಲೋ 9.5ರಿಂದಲೋ ಗುಣಿಸಬೇಡಿ, ವಿಶ್ವವಿದ್ಯಾಲಯಕ್ಕೊಂದು, ಒಂದೇ ವಿಶ್ವವಿದ್ಯಾಲಯದಲ್ಲೂ ಸ್ಕೀಮ್‌ಗೊಂದು ಸೂತ್ರ ಇರುತ್ತದೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಶೇಕಡಾವಾರು ಬರೆಸಿಕೊಂಡು ಅದನ್ನೂ ಜೊತೆಗಿಡಿ.

ಇನ್ನೊಂದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಯಲ್ಲಿ, ಆಧಾರ್‌ನಲ್ಲಿ ಮೊದಲಲ್ಲಿ, ಬ್ಯಾಂಕಿನಲ್ಲಿ ತಂದೆಯ ಪೂರ್ತಿ ಹೆಸರು. ಈ ಮೂರೂ ಬೇರೆ ಬೇರೆ ಇದ್ದರೆ ಮೊದಲು ಆಧಾರ್ ತಿದ್ದಿಸಿ. ಅಂಕಪಟ್ಟಿಗೆ ಆಧಾರ್ ಹೊಂದಿಕೆಯಾಗಬೇಕೇ ಹೊರತು ಉಲ್ಟಾ ಅಲ್ಲ. ಬೋರ್ಡಿನಲ್ಲಿ ಅಂಕಪಟ್ಟಿ ತಿದ್ದಿಸುವುದು ತಿಂಗಳುಗಟ್ಟಲೆ ಕೆಲಸ.

ಪಾಸ್‌ಬುಕ್
ಬ್ಯಾಂಕ್ ವಿಷಯ ಬಂತಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಮಂಜೂರಾದ ಮೇಲೂ ಹಣ ಬರದಿರುವುದಕ್ಕೆ ಕಾರಣ ಬಹುತೇಕ ಇಲ್ಲೇ ಇರುತ್ತದೆ.

"ಆಧಾರ್ ಲಿಂಕ್ ಆಗಿದೆ" ಎನ್ನುವುದೂ "ಆಧಾರ್ ಸೀಡಿಂಗ್ ಆಗಿದೆ" ಎನ್ನುವುದೂ ಬೇರೆ. ಖಾತೆಗೆ ಕೆವೈಸಿ ದಾಖಲೆಯಾಗಿ ಆಧಾರ್ ಕೊಟ್ಟರೆ ಅದು ಲಿಂಕ್. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಇಟ್ಟಿರುವ ಆಧಾರ್-ಬ್ಯಾಂಕ್ ಪಟ್ಟಿಯಲ್ಲಿ, ಅಂದರೆ ಮ್ಯಾಪರ್‌ನಲ್ಲಿ, ಆ ಆಧಾರ್ ಸಂಖ್ಯೆಯ ಎದುರು ಯಾವ ಬ್ಯಾಂಕ್ ನಮೂದಾಗಿದೆಯೋ ಅದು ಸೀಡಿಂಗ್. ನೇರ ವರ್ಗಾವಣೆಯ ಹಣ ಹೋಗುವುದು ಮ್ಯಾಪರ್‌ನಲ್ಲಿರುವ ಬ್ಯಾಂಕಿಗೆ, ಅರ್ಜಿಯಲ್ಲಿ ನೀವು ಬರೆದ ಖಾತೆಗಲ್ಲ. ಒಂದು ಆಧಾರ್‌ಗೆ ಮ್ಯಾಪರ್‌ನಲ್ಲಿ ಒಂದೇ ಬ್ಯಾಂಕ್. ಹುಡುಗ ಹಾಸ್ಟೆಲ್ ಸೇರಿ ಅಲ್ಲೊಂದು ಹೊಸ ಖಾತೆ ತೆರೆದು, ಫಾರಂನಲ್ಲಿ ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿದ ದಿನದಿಂದ ಹಳೆಯ ಖಾತೆಗೆ ಬರುವ ದಾರಿ ಮುಚ್ಚಿತು.

ನೋಡುವುದು ಹೇಗೆ: ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಆಧಾರ್ ತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆಯಿರಿ. ಸಾದಾ ಫೋನ್ ಇದ್ದವರು *99*99*1# ಒತ್ತಿ ಆಧಾರ್ ಸಂಖ್ಯೆ ಕೊಟ್ಟು ತಿಳಿಯಬಹುದು. "ಆಕ್ಟಿವ್" ಎಂದಿರಬೇಕು, ಪಕ್ಕದಲ್ಲಿ ಬ್ಯಾಂಕ್ ಹೆಸರು ನಿಮಗೆ ಗೊತ್ತಿರುವುದಾಗಿರಬೇಕು.

ಶೂನ್ಯ ಶಿಲ್ಕಿನ "ಸಣ್ಣ ಖಾತೆ"ಗೆ ಮಿತಿಗಳಿವೆ: ಯಾವಾಗಲೂ 50,000ಕ್ಕಿಂತ ಹೆಚ್ಚು ಶಿಲ್ಕು ಇರಬಾರದು, ವರ್ಷಕ್ಕೆ ಒಟ್ಟು ಜಮೆ 1 ಲಕ್ಷ ಮೀರಬಾರದು. ಪೂರ್ತಿ ಕೆವೈಸಿ ಮಾಡಿಸಿದರೆ ಈ ತೊಡಕಿಲ್ಲ. ಇನ್ನು "ಎರಡು ವರ್ಷ ವ್ಯವಹಾರ ಇಲ್ಲ, ಖಾತೆ ನಿಷ್ಕ್ರಿಯ" ಎಂದು ಕೌಂಟರ್‌ನಲ್ಲಿ ಹೇಳಿದರೆ ನೆನಪಿಡಿ: ಸ್ಕಾಲರ್‌ಶಿಪ್‌ಗಾಗಿ, ಸರ್ಕಾರಿ ಯೋಜನೆಗಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಬಳಸದಿದ್ದ ಕಾರಣಕ್ಕೆ ನಿಷ್ಕ್ರಿಯ ಎಂದು ವರ್ಗೀಕರಿಸಬಾರದು ಎಂಬ ರಿಸರ್ವ್ ಬ್ಯಾಂಕಿನ ಸೂಚನೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾಖೆಯವರಿಗೆ ಮರೆತಿದ್ದರೆ ಜಗಳ ಬೇಡ, ಬರಹದಲ್ಲಿ ಕೊಡಿ.

ಗೇಟ್‌ಮೀಟಿಂಗ್
ಇದು ಗೊತ್ತೇ ಇರಲಿಲ್ಲ. ಮಗುವಿನ ಆಧಾರ್ ಸೀಡಿಂಗ್ ಬೇಕೋ, ತಂದೆಯದೋ?

ಪಾಸ್‌ಬುಕ್
ಅರ್ಜಿಯಲ್ಲಿ ಫಲಾನುಭವಿ ಎಂದು ಯಾರ ಆಧಾರ್ ಕೇಳುತ್ತಾರೋ ಅವರದು. ಇಬ್ಬರದೂ ಮಾಡಿಸಿಟ್ಟರೆ ಖರ್ಚೇನೂ ಇಲ್ಲ. ಜಂಟಿ ಖಾತೆಯಲ್ಲಿ ತಾಯಿಯ ಆಧಾರ್ ಮಾತ್ರ ಸೀಡ್ ಆಗಿರುವುದು ಸಾಮಾನ್ಯ, ಅಲ್ಲಿ ಮಗುವಿನ ಆಧಾರ್‌ಗೆ ಕಳಿಸಿದ ಹಣ ವಾಪಸ್ ಹೋಗುತ್ತದೆ.

ಶಹಾಬಾದ್ ಕಲ್ಲು
ಗುತ್ತಿಗೆ ಕಾರ್ಮಿಕರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡ್ರಿ. ಸಿಗ್ತದ, ಆದರ ದಾರಿ ಬ್ಯಾರೆ. ಕಾಗದದ ಮ್ಯಾಲ ಅವರ ಮಾಲೀಕ ಗುತ್ತಿಗೆದಾರ, ಕಾರ್ಖಾನಿ ಅಲ್ಲ. ಮಗು ಅರ್ಜಿಯೊಳಗ ಸಂಸ್ಥೆ ಅಂತ ಅಪ್ಪ ದಿನಾ ಹೋಗೋ ಕಾರ್ಖಾನಿ ಹೆಸರು ಆರಿಸ್ತದ. ಕಾರ್ಖಾನಿ ಲಾಗಿನ್‌ನಾಗ ಅಪ್ಪನ ಹೆಸರ ಇರಂಗಿಲ್ಲ, ಅಲ್ಲೇ ಅರ್ಜಿ ಸತ್ತುಹೋಗ್ತದ. ಸಂಬಳದ ಚೀಟಿ ಮ್ಯಾಲ ಯಾರ ಹೆಸರ ಅಚ್ಚಾಗ್ಯದೋ ಆ ಹೆಸರೇ ಹುಡುಕ್ರಿ. ಗುತ್ತಿಗೆದಾರ ಮಂಡಳಿಯೊಳಗ ನೋಂದಣಿನೇ ಮಾಡಿಲ್ಲ ಅಂದ್ರ ಹೆಸರು ಪಟ್ಟಿಯೊಳಗ ಬರಂಗಿಲ್ಲ. ಆಗ ಯೂನಿಯನ್‌ನವರು ಮುಖ್ಯ ಮಾಲೀಕರಿಗೆ, ಅಂದ್ರ ಕಾರ್ಖಾನಿಯವರಿಗೆ, ಪತ್ರ ಬರೀಬೇಕು: ನಿಮ್ಮ ಗುತ್ತಿಗೆದಾರ ವಂತಿಗಿ ಕಟ್ಟಿದ್ದಕ್ಕ ರಸೀದಿ ಕೊಡಲಾರದ ಅವನ ಬಿಲ್ ಪಾಸ್ ಮಾಡಬ್ಯಾಡ್ರಿ ಅಂತ. ಪಿಎಫ್, ಇಎಸ್‌ಐ ಚಲನ್ ಕೇಳೋ ಜಾಗದಾಗ ಇನ್ನೊಂದು ಕಾಗದ ಕೇಳಿದ್ರ ಕಂಪನಿಗೇನೂ ನಷ್ಟ ಇಲ್ಲ.

ಒಂದೇ ಕಂಪನಿಗೆ ನಾಲ್ಕು ಘಟಕ ಇದ್ದಾಗೂ ಇದೇ ಗೋಳು. ಘಟಕ 1, ಘಟಕ 2, ಪ್ರೈವೇಟ್ ಲಿಮಿಟೆಡ್, ಬರೇ ಲಿಮಿಟೆಡ್. ಹೆಸರ ನೋಡಬ್ಯಾಡ್ರಿ, ನೋಂದಣಿ ಸಂಖ್ಯೆ ನೋಡ್ರಿ.

ಲೆಡ್ಜರ್ ಪುಟ 12
ಕಲ್ಲು ಅವರ ಮಾತು ಸರಿ. ಇದಕ್ಕೇ ಎಚ್‌ಆರ್‌ಗೆ ಜನವರಿ ಮೂರನೇ ವಾರದಲ್ಲಿ ಒಂದು ಪುಟದ ಪತ್ರ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾಲ್ಕು ವಿಷಯ ಕೇಳಿ. ಮಂಡಳಿಯಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಮತ್ತು ಅಲ್ಲಿ ನಮೂದಾದ ನಿಖರ ಹೆಸರು. ಕಳೆದ ಡಿಸೆಂಬರ್ ಸಾಲಿನ ವಂತಿಗೆಯ ರಸೀದಿ ಮತ್ತು ಎಷ್ಟು ಜನರಿಗೆ ಎಂಬ ಸಂಖ್ಯೆ. ಪೋರ್ಟಲ್‌ನಲ್ಲಿ ದೃಢೀಕರಿಸುವ ಅಧಿಕಾರಿ ಯಾರು, ಅವರು ರಜೆಯಲ್ಲಿದ್ದರೆ ಬದಲಿ ಯಾರು. ಗುತ್ತಿಗೆದಾರರ ಪಟ್ಟಿ ಮತ್ತು ಅವರ ನೋಂದಣಿ ಸಂಖ್ಯೆಗಳು. ಮೂರನೆಯದನ್ನು ಹಗುರವಾಗಿ ಬಿಡಬೇಡಿ. ಲಾಗಿನ್‌ನ ಪಾಸ್‌ವರ್ಡ್ ಕೆಲಸ ಬಿಟ್ಟುಹೋದ ಎಚ್‌ಆರ್ ಸಹಾಯಕನ ಮೊಬೈಲಿಗೆ ಒಟಿಪಿ ಕಳಿಸುತ್ತಾ ಕೂತಿರುವ ಕಂಪನಿಗಳು ಕಡಿಮೆಯೇನಿಲ್ಲ.

ಉತ್ತರ ಕೊಡದಿದ್ದರೆ ಮಂಡಳಿಗೇ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಇಂಥ ನೋಂದಣಿ ಸಂಖ್ಯೆಯ ಸಂಸ್ಥೆ ಇಂಥ ವರ್ಷ ಎಷ್ಟು ಕಾರ್ಮಿಕರ ಪರವಾಗಿ ಎಷ್ಟು ವಂತಿಗೆ ಕಟ್ಟಿದೆ" ಎಂದಷ್ಟೇ ಕೇಳಿ. ಭಾಷಣ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ವೇತನದ ಮಿತಿ ಬಗ್ಗೆಯೂ ಒಂದು ಮಾತು. ಓಟಿ ಹೆಚ್ಚು ಬಿದ್ದ ತಿಂಗಳ ಅಥವಾ ಬಾಕಿ ಕೂಡಿ ಬಂದ ತಿಂಗಳ ಚೀಟಿ ಹಾಕಿದರೆ 34,000ದವನೂ 38,000ದವನಾಗಿ ಕಾಣುತ್ತಾನೆ. ಚೀಟಿಯ ಜೊತೆಗೆ ಮೂಲ ವೇತನ, ಭತ್ಯೆ, ಓಟಿ ಬೇರ್ಪಡಿಸಿ ಬರೆದ ವೇತನ ಪ್ರಮಾಣಪತ್ರ ಎಚ್‌ಆರ್‌ನಿಂದ ಪಡೆಯಿರಿ. ಅಂಕಿ ಮುಚ್ಚಿಡಲು ಹೋಗಬೇಡಿ. ದೃಢೀಕರಿಸುವವರೂ ಅದೇ ಎಚ್‌ಆರ್.

ತಡ್ಪೆ
ಬೀಡಿಯವರ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ ಮಾರಾಯ್ರೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮನೆಮನೆಯಲ್ಲೂ ಬೀಡಿ ಕಾರ್ಡು ಉಂಟು. ಅವರ ಮಕ್ಕಳ ಸ್ಕಾಲರ್‌ಶಿಪ್ ರಾಜ್ಯ ಮಂಡಳಿಯದ್ದಲ್ಲ, ಕೇಂದ್ರ ಕಾರ್ಮಿಕ ಸಚಿವಾಲಯದ್ದು, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಅದೇ ಯೋಜನೆ ಕಬ್ಬಿಣ, ಮ್ಯಾಂಗನೀಸ್, ಕ್ರೋಮ್ ಅದಿರಿನ ಗಣಿ, ಸುಣ್ಣಕಲ್ಲು ಮತ್ತು ಡೋಲೊಮೈಟ್ ಗಣಿ, ಸಿನಿಮಾ ಕಾರ್ಮಿಕರಿಗೂ ಉಂಟು. ಹಾಗಾಗಿ ಸಂಡೂರಿನ ಅದಿರು ಗಣಿಯವರಿಗೂ, ಕಲ್ಲು ಅವರ ಕಡೆಯ ಸುಣ್ಣಕಲ್ಲು ಗಣಿಯವರಿಗೂ ಇದೇ ದಾರಿ.

ಮೊತ್ತ: 1ರಿಂದ 4ನೇ ತರಗತಿಗೆ 1,000, 5ರಿಂದ 8ಕ್ಕೆ 1,500, 9 ಮತ್ತು 10ಕ್ಕೆ 2,000, ಪಿಯುಸಿಗೆ 3,000, ಐಟಿಐ, ಪಾಲಿಟೆಕ್ನಿಕ್, ಪದವಿಗೆ 6,000, ಬಿಇ, ಎಂಬಿಬಿಎಸ್, ಎಂಬಿಎ ಇಂಥ ವೃತ್ತಿಪರ ಕೋರ್ಸಿಗೆ 25,000. ಬೀಡಿಯವರಿಗೆ ಎಲ್ಲ ಮೂಲದಿಂದ ಮನೆಯ ಆದಾಯ ತಿಂಗಳಿಗೆ 10,000 ಮೀರಬಾರದು, ಅಂದರೆ ಆದಾಯ ಪ್ರಮಾಣಪತ್ರದಲ್ಲಿ 1,20,000ಕ್ಕಿಂತ ಹೆಚ್ಚು ಇರಬಾರದು. ಇಲ್ಲಿಯೇ ಎಡವುವುದು. ನಾಡಕಚೇರಿಯಲ್ಲಿ ಬೇರೆ ಯಾವುದಕ್ಕೋ ಮಾಡಿಸಿದ ಪ್ರಮಾಣಪತ್ರದಲ್ಲಿ ಹೆಚ್ಚು ಬರೆಸಿರುತ್ತಾರೆ, ಅದನ್ನೇ ತಂದು ಇಲ್ಲಿ ಹಾಕಿದರೆ ಮುಗಿಯಿತು. ಕಾರ್ಮಿಕ ಕನಿಷ್ಠ 6 ತಿಂಗಳು ಈ ಕೆಲಸದಲ್ಲಿರಬೇಕು.

ಕ್ರಮ ಹೀಗೆ. ಮೊದಲು ಓಟಿಆರ್, ಅಂದರೆ ಒಂದೇ ಸಲದ ನೋಂದಣಿ. ಆಧಾರ್ ಮತ್ತು ಮುಖ ಗುರುತಿಸುವ ಆ್ಯಪ್ ಮೂಲಕ ಆಗ್ತದೆ, 14 ಅಂಕಿಯ ಸಂಖ್ಯೆ ಬರ್ತದೆ. ಅದನ್ನು ಪುಸ್ತಕದ ಹಿಂದೆ ಬರೆದಿಡಿ, ಓದು ಮುಗಿಯುವವರೆಗೂ ಅದೇ ಬೇಕು. ಆಮೇಲೆ ಲಾಗಿನ್ ಆಗಿ ಶಾಲೆಯನ್ನು ಹೆಸರಿನಿಂದ ಅಲ್ಲ, ಯುಡೈಸ್ ಸಂಖ್ಯೆಯಿಂದ (ಪ್ರತಿ ಶಾಲೆಗೂ ಇರುವ ಸರ್ಕಾರಿ ಸಂಕೇತ ಸಂಖ್ಯೆ) ಹುಡುಕಿ. ಅಪ್‌ಲೋಡ್‌ನಲ್ಲಿ ಬೀಡಿ ಗುರುತಿನ ಚೀಟಿಯ ಎರಡೂ ಬದಿ ಓದುವ ಹಾಗೆ ಇರಬೇಕು. ಹಳೆಯ ಕಾರ್ಡುಗಳಲ್ಲಿ ಶಾಯಿ ಮಾಸಿರ್ತದೆ, ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಸಂಖ್ಯೆ ಕಾಣುವುದಿಲ್ಲ. ಸ್ಕ್ಯಾನ್ ಮಾಡಿಸಿ.

ಅರ್ಜಿ ಮೊದಲು ಶಾಲೆಯ ನೋಡಲ್ ಶಿಕ್ಷಕರ ಲಾಗಿನ್‌ಗೆ, ನಂತರ ಕೇಂದ್ರದ ಶ್ರಮ ಕಲ್ಯಾಣ ಕಚೇರಿಗೆ ಹೋಗ್ತದೆ. ಸ್ಥಿತಿಯಲ್ಲಿ "ಡಿಫೆಕ್ಟ್" ಎಂದು ಬಂದರೆ ಗಾಬರಿ ಬೇಡ, ಕೊನೆಯ ದಿನದೊಳಗೆ ತಿದ್ದಿ ಮತ್ತೆ ಕಳಿಸಬಹುದು. "ರಿಜೆಕ್ಟ್" ಎಂದು ಬಂದರೆ ಆ ವರ್ಷದ್ದು ಹೋಯ್ತು. ಆದ್ದರಿಂದ ಶಾಲೆಯವರಿಗೆ ಯೂನಿಯನ್ ಹೇಳಬೇಕಾದ್ದು ಒಂದೇ: ತಪ್ಪು ಕಂಡರೆ ಡಿಫೆಕ್ಟ್ ಮಾಡಿ ಟೀಚರೇ, ರಿಜೆಕ್ಟ್ ಒತ್ತಬೇಡಿ. ವಾರಕ್ಕೊಮ್ಮೆ ಸ್ಥಿತಿ ನೋಡ್ಲಿಕ್ಕೆ ಯಾರನ್ನಾದರೂ ನೇಮಿಸಿ. ಬೀಡಿ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ಬರುವ ದಿನವೇ ಮಾಡಿದರೆ ಎಲ್ಲರೂ ಸಿಗ್ತಾರೆ.

ಸ್ಕಾಲರ್‌ಶಿಪ್ ಕೌಂಟರ್
ತಡ್ಪೆ ಮೇಡಂ/ಸರ್ ಹೇಳಿದ್ದಕ್ಕೆ ಒಂದು ಎಚ್ಚರಿಕೆ: ಆ ಕೇಂದ್ರ ಯೋಜನೆಯಲ್ಲಿ ಬೇರೆ ಮೂಲದಿಂದ ಸ್ಕಾಲರ್‌ಶಿಪ್ ಪಡೆಯುವವರಿಗೆ ಅವಕಾಶವಿಲ್ಲ. ಬಿಇ ಓದುವ ಮಗುವಿಗೆ 25,000 ಬರುವುದಾದರೆ ಅದನ್ನೇ ಆರಿಸಿ. 9ನೇ ತರಗತಿಯವರಿಗೆ 2,000ಕ್ಕಿಂತ ರಾಜ್ಯದ ಇಲಾಖೆಯದ್ದು ಹೆಚ್ಚಿರಬಹುದು, ತಾಳೆ ನೋಡಿ. ಎರಡೂ ಕಡೆ ಹಾಕಿ "ಬಂದದ್ದು ಬರಲಿ" ಎಂದರೆ, ಆಧಾರ್ ಒಂದೇ ಆದ್ದರಿಂದ ಎರಡೂ ತಡೆಯಾಗಬಹುದು.

ತಡ್ಪೆ
ಮೇಡಂ 😊 ಸರಿ, ಅದನ್ನು ಬರೆಯಲು ಮರೆತೆ.

ಕರಣೆ
ಕಟ್ಟಡದವರದ್ದು ಮೂರನೇ ದಾರಿ. 1996ರ ಕಾಯ್ದೆಯಲ್ಲಿ ಶುರುವಾದ ವ್ಯವಸ್ಥೆ (2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ), ನಿರ್ಮಾಣ ವೆಚ್ಚದ ಮೇಲೆ ಶೇ 1 ಸುಂಕ, ಆ ಹಣ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಜನ ಈ ಮಂಡಳಿಯನ್ನೂ ಮೇಲೆ ಹೇಳಿದ ಕಾರ್ಮಿಕ ಕಲ್ಯಾಣ ಮಂಡಳಿಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಾರ್ಖಾನೆ ಕಾರ್ಮಿಕ ಇಲ್ಲಿಗೆ, ಗಾರೆಯವನು ಅಲ್ಲಿಗೆ ಅರ್ಜಿ ಹಾಕಿ ಒಂದು ವರ್ಷ ಕಳೆದುಕೊಳ್ಳುತ್ತಾರೆ.

ನೋಂದಣಿಗೆ 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ. ಸಹಾಯಧನ ಎರಡು ಮಕ್ಕಳವರೆಗೆ. ಅರ್ಜಿಯ ದಿನ ಕಾರ್ಡ್ ಚಾಲ್ತಿಯಲ್ಲಿರಬೇಕು. ನವೀಕರಣ ಮುಗಿದು ಒಂದು ವಾರವಾಗಿದ್ದರೂ ಪೋರ್ಟಲ್ ಮುಂದೆ ಬಿಡುವುದಿಲ್ಲ. ಯಾವ ಪೋರ್ಟಲ್‌ನಲ್ಲಿ ಹಾಕಬೇಕು ಎಂಬುದೇ ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಆಯಾ ಸಾಲಿನ ಪ್ರಕಟಣೆ ನೋಡದೆ ಸೈಬರ್ ಸೆಂಟರ್‌ಗೆ ಹೋಗಬೇಡಿ.

ದರದ ಬಗ್ಗೆ ಜನ ನಮ್ಮ ಮೇಲೇ ಸಿಟ್ಟಾಗುತ್ತಾರೆ, ಅದಕ್ಕೆ ಹೇಳುತ್ತೇನೆ. 2021ರ ಅಧಿಸೂಚನೆಯಲ್ಲಿ ಬಿಇಗೆ 50,000 ಇದ್ದದ್ದು 2023ರ ಅಕ್ಟೋಬರ್ 30ರ ಅಧಿಸೂಚನೆಯಲ್ಲಿ 10,000ಕ್ಕೆ ಇಳಿಯಿತು. ಉಳಿದ ತರಗತಿಗಳದ್ದೂ ಹಾಗೇ ಕತ್ತರಿ. ವಿಷಯ ಹೈಕೋರ್ಟ್‌ವರೆಗೂ ಹೋಗಿದೆ. ಹಾಗಾಗಿ ಯೂನಿಯನ್ ಕಚೇರಿಯ ಗೋಡೆಗೆ 50,000 ಎಂಬ ಹಳೆಯ ಚಾರ್ಟ್ ಅಂಟಿಸಿದ್ದರೆ ಇವತ್ತೇ ಕಿತ್ತುಹಾಕಿ. ಅರ್ಜಿಯ ಸ್ವೀಕೃತಿ, ದಿನಾಂಕ ಸಮೇತ, ಪ್ರತಿಯೊಬ್ಬರೂ ಜೋಪಾನ ಮಾಡಲಿ. ಯಾವ ದಿನ ಅರ್ಜಿ ಹಾಕಿದ್ದು ಎಂಬುದರ ಮೇಲೆ ಯಾವ ದರ ಎಂಬ ವಾದ ನಿಲ್ಲುತ್ತದೆ.

ಬೈಲಾ 7
ಮೂರನೇ ಪ್ರಶ್ನೆಗೆ ಬರೋಣ. ಯೂನಿಯನ್ ತನ್ನದೇ ಸ್ಕಾಲರ್‌ಶಿಪ್ ಕೊಡಬಹುದು. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 15ನೇ ಸೆಕ್ಷನ್ ಸಾಮಾನ್ಯ ನಿಧಿಯನ್ನು ಯಾವುದಕ್ಕೆಲ್ಲ ಖರ್ಚು ಮಾಡಬಹುದು ಎಂದು ಪಟ್ಟಿ ಕೊಟ್ಟಿತ್ತು, ಅದರಲ್ಲಿ ಸದಸ್ಯರಿಗೆ ಮತ್ತು ಅವರ ಅವಲಂಬಿತರಿಗೆ ಶೈಕ್ಷಣಿಕ ಸೌಲಭ್ಯ ಸ್ಪಷ್ಟವಾಗಿ ಇತ್ತು. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು ಆ ಕಾಯ್ದೆಯ ಜಾಗ ತೆಗೆದುಕೊಂಡಿದೆ. ಈಗ ಖರ್ಚಿನ ಉದ್ದೇಶಗಳನ್ನು ನಿಯಮಗಳ ಮೂಲಕ ನಿಗದಿಪಡಿಸುವ ವ್ಯವಸ್ಥೆ. ಠರಾವು ಮಾಡುವ ಮೊದಲು ನೋಂದಣಾಧಿಕಾರಿ ಕಚೇರಿಯಲ್ಲಿ ನಿಯಮದ ಪ್ರತಿ ಕೇಳಿ ಓದಿ, ನಿಮ್ಮ ಬೈಲಾದಲ್ಲಿ ಆ ಉದ್ದೇಶ ಇಲ್ಲದಿದ್ದರೆ ಮೊದಲು ತಿದ್ದುಪಡಿ ಮಾಡಿ. ಬೈಲಾದಲ್ಲಿ ಇಲ್ಲದ ಖರ್ಚನ್ನು ಆಡಿಟರ್ ಎತ್ತಿ ತೋರಿಸಿದರೆ ವಿರೋಧಿ ಬಣಕ್ಕೆ ಚುನಾವಣೆಯ ಭಾಷಣ ಸಿಕ್ಕಿದ ಹಾಗೆ.

ಹಣದ ಲೆಕ್ಕ: 400 ಸದಸ್ಯರು ಎಂದುಕೊಳ್ಳೋಣ, ತಿಂಗಳ ಚಂದಾದಲ್ಲಿ 10 ರೂಪಾಯಿ ಇದಕ್ಕೆಂದು ಎತ್ತಿಟ್ಟರೆ ವರ್ಷಕ್ಕೆ 48,000. ಶೇ 15, ಅಂದರೆ 7,200 ಮೀಸಲು. ಉಳಿದ 40,800ರಲ್ಲಿ 3,000ದ 8 ಮತ್ತು 4,000ದ 4 ಕೊಟ್ಟರೆ 40,000. ಜೆರಾಕ್ಸಿಗೆ 800. ಮೀಸಲನ್ನು ಮುಟ್ಟಬೇಡಿ. ಮುಷ್ಕರದ ವರ್ಷ ಚಂದಾ ಬರುವುದಿಲ್ಲ, ಮಕ್ಕಳ ಫೀಸು ಮಾತ್ರ ಆ ವರ್ಷವೂ ಬರುತ್ತದೆ. ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ, ಇಬ್ಬರ ಸಹಿ, ಹಣ ನೇರ ಮಗುವಿನ ಖಾತೆಗೆ. ವೇದಿಕೆಯಲ್ಲಿ ನಗದು ಲಕೋಟೆ ಕೊಡುವ ಚಪಲ ಬಿಡಿ. ಬೇಕಿದ್ದರೆ ವೇದಿಕೆಯಲ್ಲಿ ಪ್ರಮಾಣಪತ್ರ ಕೊಡಿ.

ಆಯ್ಕೆ ಸಮಿತಿಯ ಸದಸ್ಯರ ಮಕ್ಕಳು ಆ ವರ್ಷ ಅರ್ಜಿ ಹಾಕಿದ್ದರೆ ಆ ಸದಸ್ಯ ಸಮಿತಿಯಿಂದ ಹೊರಗೆ. ಇದನ್ನು ಬರೆದಿಡದ ಯೂನಿಯನ್‌ಗಳಲ್ಲಿ ಮೂರನೇ ವರ್ಷಕ್ಕೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಹಣ ಇಲ್ಲದೆ ಅಲ್ಲ, ನಂಬಿಕೆ ಇಲ್ಲದೆ.

ಶಹಾಬಾದ್ ಕಲ್ಲು
ಅಂಕದ ಮ್ಯಾಲ ಕೊಡ್ತೀರೋ, ಬಡತನದ ಮ್ಯಾಲ ಕೊಡ್ತೀರೋ? ಶೇ 95 ತಗೊಂಡ ಹುಡುಗಗ ನಾಲ್ಕು ಕಡೆ ಸನ್ಮಾನ ಆಗ್ತದ. ಶೇ 48 ತಗೊಂಡು ಮಂಡಳಿ ಗೆರಿ ದಾಟಲಾರದ ಉಳಿದ ಹುಡುಗಿಗೆ ಯಾರೂ ಇಲ್ಲ. ಸರ್ಕಾರ ಬಿಟ್ಟ ಮಕ್ಕಳಿಗೆ ಯೂನಿಯನ್ ಇರಬೇಕ್ರಿ.

ಬೈಲಾ 7
ಒಪ್ಪುತ್ತೇನೆ, ಅರ್ಧ. ಬರೀ ಬಡತನ ಎಂದರೆ ಒಂದೇ ಕಾರ್ಖಾನೆಯ ಒಂದೇ ದರ್ಜೆಯವರ ನಡುವೆ ಯಾರು ಬಡವರು ಎಂದು ಅಳೆಯುವುದು ಹೇಗೆ? ಅಳೆಯಲು ಬರುವ ಮಾನದಂಡ ಹಾಕಿ: ತಂದೆ ಅಥವಾ ತಾಯಿ ಇಲ್ಲದ ಮಗು, ಕೆಲಸದಲ್ಲಿ ಅಪಘಾತವಾದ ಸದಸ್ಯನ ಮಗು, ಗುತ್ತಿಗೆ ಸದಸ್ಯನ ಮಗು, ಮಂಡಳಿಯ ಸಹಾಯ ಸಿಗದ ಮಗು. ತಲಾ ಇಷ್ಟು ಅಂಕ ಎಂದು ನಿಗದಿ ಮಾಡಿ, ಪಾಸಾಗಿರುವುದಷ್ಟೇ ಓದಿನ ಷರತ್ತು. 12ರಲ್ಲಿ 8 ಹೀಗೆ, 4 ಮಾತ್ರ ಅಂಕದ ಮೇಲೆ. ಅಂಕಕ್ಕೆ ಏನೂ ಇಲ್ಲ ಎಂದರೆ ಮಹಾಸಭೆಯಲ್ಲಿ ಪಾಸಾಗುವುದಿಲ್ಲ, ಇದು ಅನುಭವದ ಮಾತಲ್ಲ, ತಲೆ ಎಣಿಕೆಯ ಮಾತು.

ಶಹಾಬಾದ್ ಕಲ್ಲು
8 ಮತ್ತ 4 ಅಂದ್ರ ನಡೀತದ. ಸದಸ್ಯರೇ ಸಂಜಿ ಐಟಿಐ, ಡಿಪ್ಲೊಮಾ ಓದ್ತಿದ್ರ ಅವರನ್ನೂ ಸೇರಸ್ರಿ, ಮಕ್ಕಳು ಅಂತ ಮಾತ್ರ ಬರೀಬ್ಯಾಡ್ರಿ.

ಲೆಡ್ಜರ್ ಪುಟ 12
ಇಎಸ್‌ಐ ಇರುವವರಿಗೆ ಇನ್ನೊಂದು, ಇದು ಹಣವಲ್ಲ, ಸೀಟು. ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ನಮ್ಮಲ್ಲಿ ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಈ ಕಾಲೇಜುಗಳಿವೆ. ನೀಟ್ ಬರೆದಿರಲೇಬೇಕು. ಅದರ ಜೊತೆ ಇಎಸ್‌ಐಸಿಯಿಂದ ವಿಮಾದಾರರ ಮಗು ಎಂಬ ಪ್ರಮಾಣಪತ್ರ ಬೇಕು, ಅದಕ್ಕೆ ಪ್ರತ್ಯೇಕ ಗಡುವು ಇರುತ್ತದೆ, ಕೌನ್ಸೆಲಿಂಗ್ ದಿನ ಹೋಗಿ ಕೇಳಿದರೆ ಸಿಗುವುದಿಲ್ಲ. ಎಷ್ಟು ಅವಧಿ ವಂತಿಗೆ ಕಟ್ಟಿದೆ ಎಂಬುದರ ಮೇಲೆ ಅರ್ಹತೆ. ವೇತನ 21,000 ದಾಟಿ ಇಎಸ್‌ಐನಿಂದ ಹೊರಬಂದವರು ತಮ್ಮ ಸ್ಥಿತಿ ಏನು ಎಂದು ಮಗು ಪಿಯುಸಿ ಸೇರಿದಾಗಲೇ ವಿಚಾರಿಸಿಡಲಿ.

ಗೇಟ್‌ಮೀಟಿಂಗ್
ಎಲ್ಲರಿಗೂ ಧನ್ಯವಾದ. ನೋಟಿಸ್ ಬೋರ್ಡಿಗೆ ಹೀಗೊಂದು ಕರಡು ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ:

"ಸದಸ್ಯರ ಗಮನಕ್ಕೆ. 8ನೇ ತರಗತಿ ಮತ್ತು ಅದಕ್ಕೆ ಮೇಲ್ಪಟ್ಟು ಓದುವ ಮಕ್ಕಳಿರುವವರು ಡಿಸೆಂಬರ್ ತಿಂಗಳ ಸಂಬಳದ ಚೀಟಿಯಲ್ಲಿ ಕಾರ್ಮಿಕ ಕಲ್ಯಾಣ ನಿಧಿ 50 ರೂ. ಕಡಿತವಾಗಿದೆಯೇ ನೋಡಿ, ಜೆರಾಕ್ಸ್ ಯೂನಿಯನ್ ಕಚೇರಿಗೆ ಕೊಡಿ. ಮಗುವಿನ ಆಧಾರ್ ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆ ಎಂದು ಪರೀಕ್ಷಿಸಿ ಬರೆದುಕೊಡಿ. ಒಂದು ಕುಟುಂಬಕ್ಕೆ ಒಂದೇ ಅರ್ಜಿ. ಹಿಂದಿನ ವರ್ಷ ಶೇ 50 ಅಂಕ ಇರಬೇಕು. ಅರ್ಜಿ ಹಾಕಿದ ಎರಡು ದಿನದೊಳಗೆ ಅರ್ಜಿ ಸಂಖ್ಯೆಯನ್ನು ಯೂನಿಯನ್ ರಿಜಿಸ್ಟರಿನಲ್ಲಿ ಬರೆಸಿ. ಎಚ್‌ಆರ್ ದೃಢೀಕರಣವನ್ನು ಯೂನಿಯನ್ ವಿಚಾರಿಸುತ್ತದೆ. ಗುತ್ತಿಗೆ ಕಾರ್ಮಿಕರು ತಮ್ಮ ಗುತ್ತಿಗೆದಾರರ ನೋಂದಣಿ ಸಂಖ್ಯೆಯನ್ನು ಕಚೇರಿಯಲ್ಲಿ ಪಡೆಯಿರಿ."

ಸ್ಕಾಲರ್‌ಶಿಪ್ ಕೌಂಟರ್
ಶೇ 50ರ ಪಕ್ಕದಲ್ಲಿ "ಪರಿಶಿಷ್ಟ ಜಾತಿ/ಪಂಗಡಕ್ಕೆ ಶೇ 45" ಎಂದು ಸೇರಿಸಿ. ಅದಿಲ್ಲದೆ ನೋಟಿಸ್ ಓದಿದ 290 ಅಂಕದ ಮಗುವಿನ ಅಪ್ಪ ಕಚೇರಿಗೇ ಬರುವುದಿಲ್ಲ.

ತಡ್ಪೆ
ಅಕ್ಷರ ದೊಡ್ಡದಿರಲಿ. ರಾತ್ರಿ ಪಾಳಿಯವರು ಅದನ್ನು ಓದುವುದು ಗೇಟಿನ ಮಂದ ಬೆಳಕಿನಲ್ಲಿ.